ಚಾಚಾನ ಕಪ್ಪು-ಬಿಳುಪು ರೈಲು

ಮೊನ್ನೆ ದವಾಖಾನೆಯಲ್ಲಿ ಸೂಜಿ ಚುಚ್ಚುವ ಮುಂಚೆ ನರ್ಸಮ್ಮ ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ನನಗೆ ನೆನಪಾದದ್ದು ಜ್ವರವಲ್ಲ, ರೈಲು... ನಮ್ಮ ಪಕ್ಕದಂಗಡಿಯ ಸ್ಟುಡಿಯೋ ಚಾಚಾನ ರೈಲು.

ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಹೊಲಿಗೆ ಅಂಗಡಿ, ಅದರ ಗೋಡೆಗೆ ಅಂಟಿಕೊಂಡೇ ಚಾಚಾನ ಫೋಟೋ ಸ್ಟುಡಿಯೋ. ಹೊಟ್ಟೆಪಾಡಿಗೆ ಮದುವೆ ಫೋಟೋ, ಪಾಸ್‌ಪೋರ್ಟ್ ಫೋಟೋ. ಪ್ರೀತಿಗೆ ಮಾತ್ರ ರೈಲು. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮೊಳದುದ್ದದ ಇಂಜಿನ್ ಮಾಡಿದ್ದರು. ಹೊಟ್ಟೆಯೊಳಗೆ ನೀರು, ಕೆಳಗೆ ಸ್ಪಿರಿಟ್ ದೀಪ. ಬಿಸಿಯಾದರೆ ಉಗಿ ಬಿಟ್ಟು, ಸೀಟಿ ಹಾಕಿ, ನಿಜವಾಗಿಯೂ ಓಡುತ್ತಿತ್ತು. ಮೊಮ್ಮಕ್ಕಳಾದರೂ ಹುಚ್ಚು ಬಿಡಲಿಲ್ಲವೆಂದು ಬಜಾರೆಲ್ಲ ನಗುತ್ತಿತ್ತು. ಡಬ್ಬಿ ರೈಲಿನ ಚಾಚಾ ಎಂದೇ ಅವರಿಗೆ ಹೆಸರು. ಅದು ಅವರಿಗೆ ನಾಟುತ್ತಿತ್ತು.

"ಒಂದೇ ಒಂದು ಫೋಟೋ ಬೇಟಿ. ಇದನ್ನ ನೋಡಿ ಯಾರೂ ಡಬ್ಬಿ ಅನ್ನಬಾರದು," ಎನ್ನುತ್ತಿದ್ದರು. ಬಣ್ಣದಲ್ಲಿ ತೆಗೆದರೆ ಎಣ್ಣೆ ಡಬ್ಬಿಯ ಹಳದಿ ಗುಟ್ಟು ಬಿಟ್ಟುಕೊಡುತ್ತಿತ್ತು. ಕಪ್ಪು-ಬಿಳುಪಿನ ರೀಲು ಸಿಗುವುದು ನಿಂತುಹೋಗಿ, ಅವರ ಬಳಿ ಕೊನೆಯದೊಂದೇ ಉಳಿದಿತ್ತು. ಬಿಸಿಲಲ್ಲಿ ಉಗಿ ಕಾಣುವುದಿಲ್ಲ, ಚಳಿಯಲ್ಲಿ ಮಾತ್ರ ದಟ್ಟವಾಗಿ ಏಳುತ್ತದೆ.

ಹಾಗಾಗಿ ಚಳಿಗಾಲದ ಎಳ್ಳಮಾವಾಸ್ಯೆಗೆ ಅತನೂರಿನ ನಮ್ಮ ಹೊಲಕ್ಕೆ ಬಂದರು. ಪ್ರತಿ ವರ್ಷವೂ ಊಟಕ್ಕೆ ಬರುವವರೇ, ಆ ಸಲ ಮಾತ್ರ ಎಲ್ಲರಿಗಿಂತ ಮುಂಚೆ ಬಂದಿದ್ದರು. ಕಡಲೆ ಗಿಡಗಳ ನಡುವೆ ಪುಟ್ಟ ಹಳಿ ಜೋಡಿಸಿ, ಕ್ಯಾಮೆರಾ ಹಿಡಿದು ಬಿಳಿ ಪೈಜಾಮದಲ್ಲೇ ಎರೆಮಣ್ಣಿನ ಮೇಲೆ ಬೋರಲು ಮಲಗಿಬಿಟ್ಟರು. ಭೂತಾಯಿಗೆ ಎಡೆಯೆಂದು ಹೊಲದ ತುಂಬ ಚರಗ ಚೆಲ್ಲಲು ಬಂದ ನಮ್ಮತ್ತೆ ಬುಟ್ಟಿ ಹಿಡಿದು ಅಲ್ಲೇ ನಿಂತರು.

"ಏಳ್ರಿ ಚಾಚಾ, ಭಜ್ಜಿ ಆರಾಕತ್ತದ. ನಿಮ್ಮ ರೈಲು ಎಲ್ಲಿಗಿ ಓಡಿ ಹೋಗ್ತದ?"

"ಒಂದು ನಿಮಿಷ ತಡೀರಿ ಅಕ್ಕಾ. ಇಲ್ಲಿ ಒಂದು ರೊಟ್ಟಿ ಚೂರು ಬಿದ್ರ ನನ್ನ ರೈಲು ಸಣ್ಣದಾಗ್ತದ!"

ಅತ್ತೆ ನಗುತ್ತ ಆ ಸಾಲು ಬಿಟ್ಟು ಮುಂದಿನ ಸಾಲಿಗೆ ಚರಗ ಚೆಲ್ಲಿದರು.

ಆ ಫೋಟೋ... ಏನು ಹೇಳಲಿ! ಕಡಲೆ ಗಿಡಗಳು ಕಾಡಿನಂತೆ, ಎರೆಹೆಂಟೆಗಳು ಗುಡ್ಡದಂತೆ, ನಡುವೆ ಹೊಗೆಯುಗುಳುತ್ತ ಬರುವ ಕರಿ ಇಂಜಿನ್. ದೊಡ್ಡದು ಮಾಡಿಸಿ ಸ್ಟುಡಿಯೋದ ಗಾಜಿನ ಹಿಂದೆ ತೂಗುಹಾಕಿದರು. ನಗುತ್ತಿದ್ದ ಬಜಾರೇ ಬಂದು, ಡಬ್ಬಿಯ ಗುರುತು ಹತ್ತದೆ ಬಾಯಿ ತೆರೆದು ನಿಂತಿತು. ನಮ್ಮೂರಿಗೆ ರೈಲು ಇಲ್ಲ ನೋಡಿ, ಬಂದೇ ಬಿಟ್ಟಿತೆಂದು ಸುದ್ದಿಯಾಯಿತು. ಚಾಚಾ ಹೌದೆನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಮೀಸೆಯಲ್ಲೇ ನಗುತ್ತಿದ್ದರು. ಇಂಜಿನ್ ಮಾತ್ರ ಬಟ್ಟೆ ಮುಚ್ಚಿಕೊಂಡು ಒಳಗೆ ಕೂತಿತ್ತು.

ಒಂದು ದಿನ ಹಳ್ಳಿಯ ಮುದುಕಿಯೊಬ್ಬಳು ಬುತ್ತಿ ಗಂಟು ಹಿಡಿದು ಸ್ಟುಡಿಯೋಕ್ಕೆ ಬಂದಳು.

"ಈ ಗಾಡಿ ಎಲ್ಲಿ ನಿಲ್ತದಪ್ಪಾ? ಸೊಲ್ಲಾಪುರಕ್ಕ ಮಗಳ ಮನಿಗಿ ಹೊಂಟೇನಿ. ಸಾಯೋದ್ರಾಗ ಒಮ್ಮಿ ರೈಲಿನ್ಯಾಗ ಕೂಡಬೇಕಂತ ಆಸೆ ನೋಡು."

ಅಂಗಡಿ ತುಂಬ ಜನ. ಹೊಲಿಗೆ ಬಿಟ್ಟು ನಾನೂ ಬಾಗಿಲಿಗೆ ಬಂದಿದ್ದೆ. ಬಸ್ ಹತ್ತಿಸಿ ಕಳಿಸಿದ್ದರೆ ಚಾಚಾನ ಮಾನ ಉಳಿಯುತ್ತಿತ್ತು. ಅವರು ಒಳಗೆ ಹೋದರು, ಬಟ್ಟೆ ತೆಗೆದು ಇಂಜಿನ್ ತಂದು ಎಲ್ಲರೆದುರು ಮುದುಕಿಯ ಉಡಿಯಲ್ಲಿಟ್ಟರು.

"ತಪ್ಪು ತಿಳೀಬ್ಯಾಡ ಅವ್ವಾ. ಆ ಗಾಡಿ ಇದೇ. ಡಬ್ಬಿದು."

ಮುದುಕಿ ಇಂಜಿನ್ ನೋಡಿದಳು, ಫೋಟೋ ನೋಡಿದಳು, ಮತ್ತೆ ಇಂಜಿನ್ ನೋಡಿದಳು.

"ನೀನ ಮಾಡೀಯೇನು? ಎಪ್ಪಾ, ಬುತ್ತಿ ಕಟ್ಟಿಸಿದೆಲ್ಲೋ ನನ್ನ ಕೈಲೆ!" ಎಂದು ಬೊಚ್ಚುಬಾಯಿ ತೆರೆದು ನಕ್ಕಳು.

ಬಜಾರೂ ನಕ್ಕಿತು, ಆದರೆ ಈ ಸಲದ ನಗು ಬೇರೆ. ಚಾಚಾ ಶಟರ್ ಎಳೆದು, ಅವಳನ್ನು ಕಲಬುರಗಿಗೆ ಕರೆದೊಯ್ದು, ನಿಜವಾದ ರೈಲಿನ ಕಿಟಕಿ ಪಕ್ಕ ಕೂಡಿಸಿ ಬಂದರು. ಮರುದಿನದಿಂದ ಇಂಜಿನ್ ಫೋಟೋದ ಕೆಳಗೇ ಕೂತಿತು. ಡಬ್ಬಿ ರೈಲಿನ ಚಾಚಾ ಅಂದರೆ ಎದೆಯುಬ್ಬಿಸಿ "ಹೌದ್ರಿ, ನಾನೇ!" ಎನ್ನುತ್ತಿದ್ದರು. ಅಂಥವರ ಪಕ್ಕದಂಗಡಿ ನನ್ನದು ಎಂದು ನಾನೂ ಮೆರೆದದ್ದುಂಟು.

ಚಾಚಾ ಹೋಗಿ ಕೆಲವು ವರ್ಷಗಳಾದವು. ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ನಮ್ಮೂರಿಗೆ ರೈಲು ಬರುತ್ತದೆಂದು ಬಸ್ ಸ್ಟ್ಯಾಂಡಿನಲ್ಲಿ ಜನ ಇವತ್ತಿಗೂ ಮಾತಾಡುತ್ತಾರೆ. ಬರಲಿ. ಆದರೆ ಬಂದ ದಿನ ಅದರ ಫೋಟೋ ತೆಗೆಯಬೇಕಾದವರೇ ಇಲ್ಲ.