ರಾಧಾಬಾಯಿಯ ಹೊಲಕ್ಕೆ ಓಡಿಬಂದ ಮಣ್ಣು

ಊರಿಗೊಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತಾರಲ್ಲ, ಪುಣೆ ಬಳಿಯ ಕೊಂಢವಾದಲ್ಲಿ ಆ ಎರಡನೆಯ ದಾರಿ ರಾಧಾಬಾಯಿಯದು. ಇಂಡಿ ಕಡೆಯಿಂದ ಸೊಸೆಯಾಗಿ ಬಂದವಳು. ಗಂಡ ಮಧುಕರ ಪುಣೆಯ ಪೇಟೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ. ಜಮೀನುದಾರ ಅಪ್ಪಾಸಾಹೇಬರಿಂದ ಪಾಲಿಗೆ ಹಿಡಿದ ಗುಡ್ಡದ ಬುಡದ ನಾಲ್ಕೆಕರೆ ಒಣ ಹೊಲ ಮಾತ್ರ ಇವಳ ಉಸಾಬರಿ.

ಅವಳ ಬೇಸಾಯ ನೋಡಿ ನಗದವರಿಲ್ಲ. ಸಜ್ಜೆ ಕೊಯ್ದ ಮೇಲೆ ಊರವರು ಕೂಳೆ ಕಿತ್ತು ಹೊಲವನ್ನು ಅಂಗಳದಂತೆ ಹಸನು ಮಾಡಿದರೆ, ಇವಳು ಹಾಗೇ ಬಿಡುತ್ತಿದ್ದಳು. ಅವರು ಮೇಲಿಂದ ಕೆಳಕ್ಕೆ ನೇಗಿಲು ಹೊಡೆದರೆ ಇವಳದು ಅಡ್ಡಡ್ಡ. ಬೇಸಿಗೆಯಿಡೀ ಕಲ್ಲು ಹೊತ್ತು ಇಳಿಜಾರಿಗೆ ಅಡ್ಡಲಾಗಿ ಮೊಣಕಾಲೆತ್ತರದ ಒಡ್ಡು ಹಾಕುವ ಹುಚ್ಚು ಬೇರೆ.

ಎಲ್ಲರಿಗಿಂತ ಹೆಚ್ಚು ನಕ್ಕವನು ಮೇಲಿನ ಹೊಲದ ಭುಜಂಗ, ಅವನೂ ಅಪ್ಪಾಸಾಹೇಬರ ಪಾಲುಗಾರನೇ. ಅವನ ಅಪ್ಪ ಅಥಣಿಯವನು. ಹಾಗಾಗಿ ಊರೆಲ್ಲ ಮರಾಠಿಯಾದರೂ ಇವರಿಬ್ಬರ ಜಗಳ ಮಾತ್ರ ಅಚ್ಚ ಕನ್ನಡದಲ್ಲಿ.

"ವೈನಿ, ಹೊಲ ಹಸನ ಮಾಡಾಕ ಬ್ಯಾಸರಾದ್ರ ಹೇಳ್ರಿ, ನಾ ಬರ್ತೀನಿ."

"ನಿನ್ನ ಹೊಲದಾಗ ಎಲಿ ಹಾಕಿ ಉಣ್ಣಬಹುದು ಭುಜಂಗಪ್ಪ. ಬೆಳಿಯೂದೊಂದ ಆಗೂದಿಲ್ಲ."

ಚಾಡಿ ಅಪ್ಪಾಸಾಹೇಬರ ಕಿವಿಗೂ ಬಿತ್ತು. ಸಾವಿರದ ಒಂಬೈನೂರ ಮೂವತ್ನಾಲ್ಕರ ಮುಂಗಾರಿಗೆ ಮೊದಲು ಹೇಳಿಕಳಿಸಿದರು: ಸೋಮವಾರ ಬರುತ್ತೇನೆ, ಎರಡೂ ಹೊಲ ನೋಡುತ್ತೇನೆ, ಮೈಗಳ್ಳರ ಹೊಲ ಕಿತ್ತು ಇನ್ನೊಬ್ಬರಿಗೆ ಕೊಡುತ್ತೇನೆ. ರಾಧಾಬಾಯಿ ಬಂದಾಗ ಅವಳ ಹೊಲದಲ್ಲಿದ್ದದ್ದು ಬರೀ ಕಲ್ಲು ಗರಸು. ಹದಿನೈದು ವರ್ಷ ಕೂಸಿನಂತೆ ಸಾಕಿ ಅದನ್ನು ಮಣ್ಣು ಮಾಡಿದ್ದಳು.

ಭಾನುವಾರ ಮಧ್ಯಾಹ್ನ ರೋಹಿಣಿ ಮಳೆ ಧೋ ಎಂದು ಸುರಿಯಿತು. ಸೋಮವಾರ ಬೆಳಗ್ಗೆ ನೋಡಿದರೆ ಅವಳ ಒಡ್ಡಿನ ಹಿಂದೆ ಗೇಣುದ್ದ ಕರಿಮಣ್ಣು ಹಾಲಿನ ಕೆನೆಯಂತೆ ಕೂತಿದೆ, ಅದರ ಪಕ್ಕದಲ್ಲಿ ಭುಜಂಗ ನಿಂತಿದ್ದಾನೆ.

"ವೈನಿ, ಇದು ನನ್ನ ಮಣ್ಣು. ವಾಪಸ್ ಕೊಡ್ರಿ."

"ನಾ ಏನ ಕರಿಯಾಕ ಹೋಗಿದ್ದೆನ? ತಾನಾಗೇ ಬಂತು, ಕೂಡು ಅಂದೆ. ಬಂದವ್ರನ್ನ ನಿಂದ್ರಸ್ತಾರೇನು?"

ಅಷ್ಟರಲ್ಲಿ ಬೆತ್ತ ಊರುತ್ತ ಅಪ್ಪಾಸಾಹೇಬರು ಬಂದರು. ಭುಜಂಗನಿಗೆ ಹುರುಪು ಬಂತು. ಮರಾಠಿಯಲ್ಲಿ ವಕೀಲರನ್ನು ಮೀರಿಸುವಂತೆ ವಾದಿಸಿದ. ತನ್ನ ಹೊಲದಿಂದ ಇಳಿದ ಕೊರಕಲು ತೋರಿಸಿದ, ಕೆಸರಿನಿಂದ ತನ್ನ ಹೆಂಡತಿಯ ಒಡಕು ಬಳೆ ಹೆಕ್ಕಿ ತೋರಿಸಿದ. ಹೋದ ವರ್ಷವೂ ಹೀಗೇ ಹೋಯಿತು, ಅದರ ಹಿಂದಿನ ವರ್ಷವೂ ಹೀಗೇ, ನನ್ನ ಒಳ್ಳೆಯ ಮಣ್ಣೆಲ್ಲ ಇವಳ ಹತ್ತಿರವೇ ಇದೆ ಎಂದು ಎದೆ ತಟ್ಟಿಕೊಂಡ.

ಅಪ್ಪಾಸಾಹೇಬರು ಒಂದಕ್ಷರ ಬಿಡದೆ ನಂಬಿದರು. ಮೇಲಿನ ಹೊಲಕ್ಕೆ ಹತ್ತಿ ಬೆತ್ತ ಊರಿದರೆ ಠಕ್ ಎಂದಿತು, ಬರೀ ಗರಸು. ಕೆಳಗಿಳಿದು ಒಡ್ಡಿನಿಂದ ದೂರ, ರಾಧಾಬಾಯಿಯ ಕೂಳೆಯ ನಡುವೆ ಊರಿದರೆ ಬೆತ್ತ ಅರ್ಧ ಒಳಗೆ. ಎಳೆದಾಗ ತುದಿಗೆ ಒಂದು ಎರೆಹುಳು ಜೋತು ಬಂತು.

"ನೀನು ಹೇಳಿದ್ದು ಖರೆ ಭುಜಂಗ," ಎಂದರು. "ಮೂರು ವರ್ಷ ಮಣ್ಣು ಹಿಡಿಯಲಾಗದವನ ಕೈಗೆ ಹೊಲ ಯಾಕೆ? ಎರಡೂ ಹೊಲ ರಾಧಾಬಾಯಿಗೇ ಇರಲಿ."

ತಾನು ವಾದ ಮಾಡಿ ಗೆಲ್ಲಿಸಿದ್ದು ಯಾರನ್ನೆಂದು ಭುಜಂಗನಿಗೆ ಆಗ ತಿಳಿಯಿತು. ಮುಖ ಇಷ್ಟಾಯಿತು. ರಾಧಾಬಾಯಿಗೆ ಕುಣಿಯುವಷ್ಟು ಖುಷಿ, ಸುಳ್ಳೇಕೆ. ಆದರೆ ಅವನು ಕೈಯಲ್ಲಿನ್ನೂ ಆ ಬಳೆಯ ಚೂರು ಹಿಡಿದು ನಿಂತಿದ್ದ. ಅದು ಅವಳ ಕಣ್ಣಿಗೆ ಬಿತ್ತು.

ಎರಡು ಹೊಲದ ಕೆಲಸ ತನ್ನ ಸೊಂಟ ತಡೆಯದು, ಮೇಲಿನದು ಅವನಿಗೇ ಇರಲಿ ಎಂದು ಸಾಹೇಬರಿಗೆ ಮರಾಠಿಯಲ್ಲಿ ಹೇಳಿ ಒಪ್ಪಿಸಿದಳು. ಆಮೇಲೆ ಭುಜಂಗನ ಕಡೆ ತಿರುಗಿದಳು: "ನಾಳೆ ಮುಂಜಾನೆ ಬುಟ್ಟಿ ತಗೊಂಡ ಬಾ. ಮೊದಲ ಕಲ್ಲು ಹೊರು, ಒಡ್ಡು ಹಾಕು. ಆಮ್ಯಾಲೆ ನಿನ್ನ ಮಣ್ಣು ಒಯ್ಯಿ."

ಭುಜಂಗ ಹಟದ ಮನುಷ್ಯ, ಚೆನ್ನಾಗಿಯೇ ಕಲಿತ. ನಾಲ್ಕು ವರ್ಷದಲ್ಲಿ ಎಂಥ ಒಡ್ಡು ಹಾಕಿದನೆಂದರೆ ಮೇಲಿಂದ ಕೆಳಗೆ ತಿಳಿನೀರು ಬಿಟ್ಟು ಬೇರೇನೂ ಇಳಿಯಲಿಲ್ಲ. ಮುದುಕಿಯಾದ ಮೇಲೂ ರಾಧಾಬಾಯಿ ಸಿಕ್ಕವರ ಮುಂದೆಲ್ಲ ದೂರುತ್ತಿದ್ದಳು: "ಒಂದ್ ಬೊಗಸಿ ಮಣ್ಣ ಬಿಡಂಗಿಲ್ರಿ, ಅಂಥಾ ಜುಗ್ಗ. ಕಲಿಸಿದಾಕಿ ನಾನ, ಯಾರ ಮುಂದ ಹೇಳ್ಲಿ?"