ಬೊಂಬೆಗೆ ಮೂಳೆ ಕೂರಿಸುವ ಶಿವರಾಮ್

ಬುಧವಾರ, ಬೆಳಗಿನ ಆರು ಗಂಟೆ. ಸಂಜಯನಗರದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಶಿವರಾಮ್ ಅಜ್ಜಿಯೊಬ್ಬಳ ಮಂಡಿ ಹುಡುಕುತ್ತಿದ್ದಾರೆ. ಅಜ್ಜಿ ಇರುವುದು ಕಂಪ್ಯೂಟರ್ ಪರದೆಯಲ್ಲಿ. ಫ್ರಾಕು ತೊಟ್ಟ ವಿದೇಶಿ ಅಜ್ಜಿ. ಎರಡೂ ಕೈ ಚಾಚಿಕೊಂಡು ಕಂಬದ ಹಾಗೆ ನಿಂತಿದ್ದಾಳೆ. ಕನ್ನಡಕವಿದೆ, ತುರುಬಿದೆ, ಒಳಗೆ ಮೂಳೆಯಿಲ್ಲ.

ಆ ಮೂಳೆ ಕೂರಿಸುವುದೇ ಶಿವರಾಮ್ ಕೆಲಸ. ಸೊಂಟಕ್ಕೊಂದು, ತೊಡೆಗೊಂದು, ಬೆರಳಿಗೆರಡು ಎಂದು ಒಂದು ಸಾದಾ ಬೊಂಬೆಗೆ ನಲವತ್ತರಷ್ಟು ಮೂಳೆ. ಯಾವ ಮೂಳೆ ಅಲುಗಿದರೆ ಎಷ್ಟು ಚರ್ಮ ಜೊತೆಗೆ ಬರಬೇಕೆಂಬುದನ್ನೂ ಅವರೇ ಗೊತ್ತುಮಾಡುತ್ತಾರೆ. ಕಾರ್ಟೂನ್ ಲೋಕದಲ್ಲಿ ಇದಕ್ಕೆ ರಿಗ್ಗಿಂಗ್ ಎನ್ನುತ್ತಾರೆ. “ಇದು ತಪ್ಪಿದ್ರೆ ಬೊಂಬೆ ಕೈ ಎತ್ತಿದಾಗ ಕೆನ್ನೇನೂ ಜೊತೆಗೇ ಎದ್ದು ಬರುತ್ತೆ ಸರ್” ಎಂದು ನಗುತ್ತಾರೆ. ಆ ದಿನ ಅವರು ನಕ್ಕಿದ್ದು ಅದೊಂದೇ ಸಲ.

ವಯಸ್ಸು ಮೂವತ್ತಾರು. ಊರು ಮಾಕಳಿ. ಸ್ಟುಡಿಯೊದಲ್ಲಿ ಕಂಪ್ಯೂಟರ್ ಕಡಿಮೆ. ಬೊಂಬೆ ಆಡಿಸುವವರು ಮಧ್ಯಾಹ್ನ ಇದೇ ಕುರ್ಚಿಗೆ ಬರುತ್ತಿದ್ದುದರಿಂದ ಶಿವರಾಮ್ ಪಾಳಿ ನಸುಕಿನದು. ಮೊದಲ ಬಸ್ಸು ಹಿಡಿದು ಯಶವಂತಪುರದಲ್ಲಿಳಿದು ಇನ್ನೊಂದು ಬಸ್ಸು ಹತ್ತಬೇಕು. ಹೀಗೆ ಏಳು ವರ್ಷ, ಸಾವಿರದ ನಾನ್ನೂರು ಬೊಂಬೆ.

ಕೆಲಸದ ಗುಟ್ಟೇನು ಎಂದರೆ ಮಂಡಿಯನ್ನೇ ತೋರಿಸುತ್ತಾರೆ. “ನೆಟ್ಟಗೆ ಇಡಬಾರ್ದು ಸರ್. ಒಂಚೂರು ಮುಂದಕ್ಕೆ ಬಗ್ಗಿಸಿ ಇಡ್ಬೇಕು. ಇಲ್ಲಾಂದ್ರೆ ಯಾವ ಕಡೆ ಮಡಚ್ಬೇಕು ಅಂತ ಅದಕ್ಕೆ ಗೊತ್ತಾಗಲ್ಲ.” 2009ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅವರು ನೆಟ್ಟಗೆ ಇಟ್ಟ ಬೊಂಬೆಯೊಂದು ಕೂರಲು ಹೋದಾಗ ಅದರ ಮಂಡಿ ಕೊಕ್ಕರೆಯ ಕಾಲಿನಂತೆ ಹಿಂದಕ್ಕೆ ಬಾಗಿತಂತೆ. ಇಡೀ ಸ್ಟುಡಿಯೊ ನಕ್ಕಿತ್ತು. ಅದಾದ ಮೇಲೆ ಒಂದು ಮಂಡಿಯೂ ತಪ್ಪಿಲ್ಲ.

ಈಗ ಆ ಸ್ಟುಡಿಯೊವೇ ಮುಚ್ಚುತ್ತಿದೆ. ಇಲ್ಲಿ ಕಾರ್ಟೂನ್ ಧಾರಾವಾಹಿ ಮಾಡಿಸುತ್ತಿದ್ದ ಹೊರದೇಶದ ಕಂಪನಿ ಅದನ್ನು ನಿಲ್ಲಿಸಿದೆ. ಬೊಂಬೆ ಆಡಿಸುವವರೆಲ್ಲ ಹೋಗಿ ತಿಂಗಳಾಯಿತು. ಶನಿವಾರ ಬಾಗಿಲು ಹಾಕುತ್ತಾರೆ, ಅಂದೇ ಎಲ್ಲ ಬೊಂಬೆಗಳನ್ನೂ ಅಳಿಸುತ್ತಾರೆ. ಒಂದನ್ನಾದರೂ ಒಯ್ಯಲೇ ಎಂದು ಶಿವರಾಮ್ ಮಾಲೀಕ ಯಶವಂತ್ ಅವರನ್ನು ಕೇಳಿದ್ದಾರೆ. “ಕಂಪನಿ ಜೊತೆ ಒಪ್ಪಂದ ಕಣಪ್ಪಾ, ನನ್ ಕೈಲಿಲ್ಲ” ಎಂಬ ಉತ್ತರ ಬಂದಿದೆ.

ತೋರಿಸಲು ಒಂದು ಬೊಂಬೆಯಾದರೂ ಕೈಯಲ್ಲಿಲ್ಲದಿದ್ದರೆ ಬೇರೆ ಕಡೆ ಕೆಲಸ ಸಿಗುವುದಿಲ್ಲ. ಹೋದ ವಾರ ಹೆಬ್ಬಾಳದ ಸ್ಟುಡಿಯೊ ಒಂದಕ್ಕೆ ಹೋಗಿ ಟೀವಿಯಲ್ಲಿ ಬಂದ ಕಂತು ತೋರಿಸಿದರು. “ಬೊಂಬೆ ಮಾಡಿದ್ದು ನೀವಾ ಅಂದ್ರು. ಅಲ್ಲ ಅಂದೆ. ಆಡ್ಸಿದ್ದು? ಅದೂ ಅಲ್ಲ ಅಂದೆ. ಹಾಗಾದ್ರೆ ನೀವು ಕೂರ್ಸಿರೋ ಮೂಳೆ ತೋರ್ಸಿ ಅಂದ್ರು. ಮೂಳೆ ಟೀವೀಲಿ ಎಲ್ ಕಾಣುತ್ತೆ ಸರ್?” ಅವರ ಹೆಸರು ಪರದೆಯ ಮೇಲೆ ಒಮ್ಮೆಯೂ ಬಂದಿಲ್ಲ. ಹೀಗೆ ಹೇಳಿ ಕಳಿಸಿದ ಮೂರನೆಯ ಜಾಗವದು.

ತಾಯಿ ಸೊಣ್ಣಮ್ಮ ಮಾಕಳಿಯ ಮನೆಯಲ್ಲಿ ಆ ಕಂತು ನೋಡಿ ಕೇಳಿದ್ದೂ ಇದನ್ನೇ. “ಬೊಂಬೆ ಮಾಡ್ದೋರು ಬ್ಯಾರೆ, ಆಡ್ಸ್ದೋರು ಬ್ಯಾರೆ. ಅಂಗಾದ್ರೆ ನೀನೇನ್ ಮಾಡ್ದೆ ಮಗಾ?” ಆಕೆ ಆಡಿಕೊಂಡದ್ದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು.

ಇಂಥ ಲೇಖನದಲ್ಲಿ ಒಂದು ಭರವಸೆಯ ಮಾತು ಇರಲಿ ಎಂದು ನಮ್ಮ ಸಂಪಾದಕರು ಹೇಳುತ್ತಾರೆ. ಹುಡುಕಿದೆ, ಸಿಗಲಿಲ್ಲ. ಸಿಟ್ಟು ಮಾತ್ರ ಬಂತು, ಅದೂ ಯಾರ ಮೇಲೆಂದು ತಿಳಿಯಲಿಲ್ಲ.

ಹನ್ನೊಂದು ಗಂಟೆಗೆ ಅಜ್ಜಿಯ ಮೂಳೆ ಮುಗಿಯುತ್ತದೆ. ಯಾವ ಕಂತಿನಲ್ಲೂ ಬರದ ಅಜ್ಜಿಗೆ ಇಷ್ಟು ಪಾಡು ಯಾಕೆ ಎಂದು ಕೇಳುತ್ತೇನೆ. “ಅರ್ಧಕ್ಕೆ ಬಿಟ್ರೆ ಹಿಂಗೇ ಕೈ ಚಾಚ್ಕೊಂಡು ನಿಂತಿರ್ತಾಳೆ ಸರ್, ನೋಡಕ್ಕಾಗಲ್ಲ” ಎನ್ನುತ್ತಾ ಅವಳ ಕೈ ಇಳಿಸುತ್ತಾರೆ. ನಿಧಾನವಾಗಿ ಕೂರಿಸುತ್ತಾರೆ, ಎಬ್ಬಿಸುತ್ತಾರೆ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳುತ್ತಾರೆ:

“ಪೇಪರ್‌ನಲ್ಲಿ ಒಂದ್ ಸಾಲು ಬರೀತೀರಾ ಸರ್? ಅಜ್ಜಿ ಮಂಡಿ ಸರ್ಯಾಗಿ ಮಡಚ್ತು ಅಂತ. ನೀವು ನೋಡಿದ್ರಲ್ಲ. ಕತ್ತರಿಸಿ ಇಟ್ಕೋತೀನಿ, ಕೇಳ್ದೋರಿಗೆ ತೋರ್ಸಕ್ಕೆ.”

ಭಾನುವಾರ ನೀವಿದನ್ನು ಓದುವ ಹೊತ್ತಿಗೆ ಅಜ್ಜಿ ಇರುವುದಿಲ್ಲ. ಆದರೆ ನಾನು ನೋಡಿದ್ದೇನೆ. ಅವಳು ಕುಳಿತಳು, ಎದ್ದಳು. ಮಂಡಿ ಸರಿಯಾಗಿ ಮಡಚಿತು. ಮೂಳೆ ಕೂರಿಸಿದವರು ಮಾಕಳಿಯ ಶಿವರಾಮ್.