ಸಹಿ ಹಾಕುವವರು ಪರೀಕ್ಷೆ ಬರೆಯಬೇಕು

ನಲವತ್ತಾರನೆಯ ವಯಸ್ಸಿನಲ್ಲಿ ನಾನು ಹತ್ತನೇ ತರಗತಿಯ ಗಣಿತ ಪರೀಕ್ಷೆ ಬರೆದೆ. ಎಂಬತ್ತಕ್ಕೆ ಮೂವತ್ತೊಂದು ಬಂತು. ನಗಬೇಡಿ. ನಗುವವರು ಮೊದಲು ಒಂದು ಹಳೆಯ ಪ್ರಶ್ನೆಪತ್ರಿಕೆ ತಂದು, ಗಡಿಯಾರ ಎದುರಿಗಿಟ್ಟುಕೊಂಡು, ಮೂರು ಗಂಟೆ ಅಲ್ಲಾಡದೆ ಕೂತು ಬರೆದು, ಆಮೇಲೆ ನಗಲಿ. ಆಗ ಬೇಕಾದರೆ ನಾನೂ ಜೊತೆ ಸೇರುತ್ತೇನೆ.

ಇದಕ್ಕೆಲ್ಲ ಮೂಲ ನನ್ನ ಮಗಳು ಸಿಂಚನ ಶಾಲೆಯಿಂದ ತಂದ ಒಂದು ಫಾರಂ. ಅವಳ ಶಾಲೆಯ ಪದ್ಧತಿಯಲ್ಲಿ ಹತ್ತನೇ ತರಗತಿಯ ಗಣಿತಕ್ಕೆ ಎರಡು ಬಗೆಯ ಪರೀಕ್ಷೆ. ಪಾಠ ಒಂದೇ, ಪುಸ್ತಕ ಒಂದೇ, ಬೈಯುವ ಮೇಡಂ ಕೂಡ ಒಬ್ಬರೇ. ಪ್ರಶ್ನೆಪತ್ರಿಕೆ ಮಾತ್ರ ಎರಡು. ಸುಲಭದ್ದು ಬೇಸಿಕ್, ಕಷ್ಟದ್ದು ಸ್ಟ್ಯಾಂಡರ್ಡ್. ಬೇಸಿಕ್ ಬರೆದರೆ ಅಂಕ ಕೈತುಂಬ ಬರುತ್ತದೆ, ಆದರೆ ಪಿಯುಸಿಯಲ್ಲಿ ಗಣಿತ ಸಿಗುವುದು ಕಷ್ಟ ಎಂದು ಶಾಲೆಯವರು ಸಭೆ ಕರೆದು ಹೇಳಿದ್ದರು. ಸ್ಟ್ಯಾಂಡರ್ಡ್ ಬರೆದರೆ ಮುಂದಿನ ದಾರಿ ತೆರೆದಿರುತ್ತದೆ, ಆದರೆ ಅಲ್ಲಿಯವರೆಗೆ ಬೀಳದೆ ನಿಂತಿರಬೇಕಲ್ಲ! ಯಾವುದು ಎಂದು ಮಕ್ಕಳು ಗುರುತು ಹಾಕಬೇಕು, ಕೆಳಗೆ ಅಪ್ಪನೋ ಅಮ್ಮನೋ ಸಹಿ ಹಾಕಬೇಕು.

ಮೈಸೂರಿನವರಾದ ನಮಗೆ ಇಂಥ ಮಟ್ಟಗಳ ಮೋಹ ಹೊಸದೇನಲ್ಲ ಬಿಡಿ. ಸಂಗೀತ ಕಲಿತವರನ್ನು ಇಲ್ಲಿ ಯಾರೂ ಹಾಡಿ ಎನ್ನುವುದಿಲ್ಲ. ಜೂನಿಯರ್ ಆಯ್ತಾ, ಸೀನಿಯರ್ ಆಯ್ತಾ ಎಂದು ವಿಚಾರಿಸುತ್ತಾರೆ. ವಿದ್ವತ್ ಆಗಿದೆ ಎಂದರೆ ಹಾಡಿಸದೆಯೇ ತಲೆದೂಗುತ್ತಾರೆ. ಟೈಪಿಂಗಿಗೂ ಹಾಗೇ. ನಾನು ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದೇನೆಂಬ ಸಂಗತಿ ನನ್ನ ಮದುವೆಯ ಮಾತುಕತೆಯಲ್ಲಿ ಎರಡು ಸಲ ಪ್ರಸ್ತಾಪವಾಗಿತ್ತು. ಮದುವೆಯಾದ ಮೇಲೆ ಆ ಮನೆಯಲ್ಲಿ ಟೈಪ್‌ರೈಟರ್ ಇಲ್ಲವೆಂದು ಗೊತ್ತಾಯಿತು. ಯೋಗ ಕಲಿಯಲು ಬರುವ ಪರದೇಶದವರೂ ಈ ಊರಿನ ನೀರು ಕುಡಿದು ನಾಲ್ಕು ದಿನಕ್ಕೇ, ಆಸನಗಳಲ್ಲಿ ನಿನ್ನದು ಎಷ್ಟನೇ ಸೀರೀಸು ಎಂದು ಎಳನೀರಿನ ಗಾಡಿಯ ಮುಂದೆ ಒಬ್ಬರನ್ನೊಬ್ಬರು ಅಳೆಯಲು ಶುರುಮಾಡುತ್ತಾರೆ.

ವಿಷಯಕ್ಕೆ ಬರುತ್ತೇನೆ. ಸಿಂಚನಳಿಗೆ ಸ್ಟ್ಯಾಂಡರ್ಡೇ ಬೇಕಿತ್ತು. ಯಾಕೆಂದರೆ ಅವಳಿಗೆ ಒಂದು ಗೋಪುರದ ಮೇಲೆ ಕಣ್ಣು. ನನ್ನ ತವರು ಮಂಡಕಳ್ಳಿ. ಅಣ್ಣನ ಮನೆಯ ತಾರಸಿ ಹತ್ತಿದರೆ ವಿಮಾನ ನಿಲ್ದಾಣದ ಗೋಪುರ ಕಾಣುತ್ತದೆ. ಬೇರೆ ಮಕ್ಕಳು ವಿಮಾನ ನೋಡಿದರೆ ಪೈಲಟ್ ಆಗುತ್ತೇನೆ ಅನ್ನುತ್ತಾರೆ. ಇವಳಿಗೆ ಆ ಗೋಪುರದಲ್ಲಿ ಕೂತು ಪೈಲಟ್‌ಗೆ ಈಗ ಇಳಿ, ಈಗ ಬೇಡ, ಸ್ವಲ್ಪ ತಾಳು ಎಂದು ಅಪ್ಪಣೆ ಕೊಡುವ ಕೆಲಸ ಬೇಕು. ಅವಳ ಸ್ವಭಾವಕ್ಕೆ ಅದು ಚೆನ್ನಾಗಿಯೇ ಒಪ್ಪುತ್ತದೆ. ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಈಗಾಗಲೇ ಅದನ್ನೇ ಮಾಡುತ್ತಿದ್ದಾಳೆ.

"ದಿನಕ್ಕೆ ಬರೋದೇ ಒಂದೋ ಎರಡೋ ವಿಮಾನ ಕಣವ್ವ, ಮಿಕ್ಕಿದ್ ವತ್ತು ಏನ್ ಮಾಡೀಯೆ ಅಲ್ ಕುಂತ್ಕಂಡು?" ಎಂದು ಅಣ್ಣ ಕೇಳಿದ.

"ನಿದ್ದೆ ಮಾಡ್ತೀನಿ ಮಾವ" ಎಂದಳು.

ಹಾಗೆ ತಮಾಷೆ ಮಾಡಿದರೂ, ಆ ಕೆಲಸಕ್ಕೆ ಗಣಿತ ಮತ್ತು ಭೌತಶಾಸ್ತ್ರ ಓದಿರಲೇಬೇಕೆಂದು ತಾನೇ ಹುಡುಕಿ ತಿಳಿದುಕೊಂಡಿದ್ದಳು. ಇಷ್ಟು ಗಟ್ಟಿಯಾಗಿ ಅವಳು ಯಾವುದನ್ನೂ ಬೇಕೆಂದದ್ದು ನಾನು ಕಂಡಿರಲಿಲ್ಲ.

ಆದರೆ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ ಬಂದಿದ್ದು ಮೂವತ್ತನಾಲ್ಕು. ಅದೂ ಎಂಬತ್ತಕ್ಕೆ. ಆ ಅಂಕಪಟ್ಟಿ ನೋಡಿದ ಗಳಿಗೆಯಲ್ಲಿ ನಾನು ಬೇಸಿಕ್ ಪಕ್ಷ ಸೇರಿದೆ. ನಾನು ನಗರದ ಒಂದು ಶಾಖಾ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಸಾವಿರಾರು ಪುಸ್ತಕಗಳ ನಡುವೆ ದಿನ ಕಳೆದರೂ ಐನೂರರ ನಂಬರಿನ ಸಾಲಿನಲ್ಲಿ ಇಟ್ಟಿರುವ ಗಣಿತದ ಕಪಾಟಿನ ಮುಂದೆ ಮಾತ್ರ ಬಿರಬಿರನೆ ನಡೆಯುತ್ತೇನೆ. ಎಸ್‌ಎಸ್‌ಎಲ್‌ಸಿಯಲ್ಲಿ ನನಗೆ ಗಣಿತಕ್ಕೆ ಸರಿಯಾಗಿ ಮೂವತ್ತೈದು ಬಂದಿತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. "ಎಣ್ಮಗ ಪಾಸಾಯ್ತಲ್ಲ, ಆರ್ಟ್ಸ್‌ಗೆ ಸೇರ್ಸುದ್ರಾಯ್ತು ಬುಡು" ಎಂದರು ಅಪ್ಪ. ನಾನೂ ಬದುಕಿದೆಯಾ ಬಡಜೀವವೇ ಎಂದು ಸೇರಿಕೊಂಡೆ. ಅದರಿಂದ ನನಗೇನೂ ಕೆಡುಕಾಗಿಲ್ಲ, ಆದರೆ ಆ ವರ್ಷದ ಹೊಟ್ಟೆನೋವು ಇನ್ನೂ ನೆನಪಿದೆ. ಅದು ನನ್ನ ಮಗುವಿಗೆ ಬೇಡ ಅನ್ನಿಸಿತು.

"ಬೇಸಿಕ್ ತಗೋ ಚಿನ್ನ. ಎಪ್ಪತ್ತರ ಮೇಲೆ ಬರುತ್ತೆ. ಎಲ್ಲಾರ ಮುಂದೆ ತಲೆ ಎತ್ಕೊಂಡು ಓಡಾಡ್ಬೋದು" ಎಂದೆ.

"ಪರೀಕ್ಷೆ ಬರಿಯೋದು ನಾನು ಕಣಮ್ಮ."

"ಸಹಿ ಹಾಕೋದು ನಾನು ಕಣೇ!"

ಮೂರು ದಿನ ಮನೆಯಲ್ಲಿ ಇದೇ ಜಗಳ. ನಮ್ಮೆಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಎಂಥ ಗಟ್ಟಿಯಾದ ನಟ್ಟನ್ನಾದರೂ ಬಿಚ್ಚುತ್ತಾರೆ, ಆದರೆ ಹೆಂಡತಿ ಮಗಳ ನಡುವೆ ಬಾಯಿ ಬಿಚ್ಚುವುದಿಲ್ಲ. "ಇಬ್ರೂ ಒಂದ್ ತೀರ್ಮಾನಕ್ಕೆ ಬಂದ್ಬುಟ್ಟು ಹೇಳ್ರಮ್ಮ, ನಾನ್ ಒಪ್ಕೊಂಡ್ಬುಡ್ತೀನಿ" ಎಂದು ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋದರು. ಫಾರಂ ಕೊಡಲು ಸೋಮವಾರ ಕಡೆಯ ದಿನವಾಗಿತ್ತು.

ಶುಕ್ರವಾರ ಗ್ರಂಥಾಲಯಕ್ಕೆ ನಾಗರತ್ನ ಮಿಸ್ ಬಂದರು. ಲಕ್ಷ್ಮೀಪುರಂನವರು, ಗಣಿತದ ಟೀಚರಾಗಿ ನಿವೃತ್ತರಾದವರು, ವಾರಕ್ಕೆ ಎರಡು ಪತ್ತೇದಾರಿ ಕಾದಂಬರಿ ಓದುವವರು. ಕೊಲೆಗಾರ ಯಾರೆಂದು ನಲವತ್ತನೇ ಪುಟದಲ್ಲೇ ಕಂಡುಹಿಡಿದು, ಮುಂದಿನ ಓದುಗರಿಗೆ ತೊಂದರೆಯಾಗದಿರಲೆಂದು ನನ್ನ ಕಿವಿಯಲ್ಲಿ ಮಾತ್ರ ಹೇಳಿ ಹೋಗುತ್ತಾರೆ. ಅವರ ಮುಂದೆ ನನ್ನ ಗೋಳು ತೋಡಿಕೊಂಡೆ. ಪೂರ್ತಿ ಕೇಳಿಸಿಕೊಂಡು, "ಭಾನುವಾರ ಹತ್ತು ಗಂಟೆಗೆ ಮನೆಗೆ ಬನ್ನಿ. ಇಬ್ರೂ ಬನ್ನಿ. ಪೆನ್ನು ತನ್ನಿ" ಎಂದರು. ಮಗಳಿಗೆ ಒಂದು ಪರೀಕ್ಷೆ ಕೊಟ್ಟು ನನ್ನ ಪರವಾಗಿ ತೀರ್ಪು ಕೊಡುತ್ತಾರೆಂದು ಒಳಗೊಳಗೇ ಹಿಗ್ಗಿದೆ.

ಭಾನುವಾರ ಮಿಸ್ ನಡುಮನೆಯ ಮೇಜಿನ ಮೇಲೆ ಪ್ರಶ್ನೆಪತ್ರಿಕೆ, ಬಿಳಿ ಹಾಳೆ ಜೋಡಿಸಿಟ್ಟಿದ್ದರು. ಸಿಂಚನ ಕುರ್ಚಿ ಎಳೆದುಕೊಂಡಳು.

"ನೀನಲ್ಲ ಪುಟ್ಟ. ನೀನು ಹಿತ್ತಲಿಗೆ ಹೋಗು, ಸೀಬೆಹಣ್ಣು ಬಿಟ್ಟಿದೆ. ಅಮ್ಮ ಕೂತ್ಕೋತಾರೆ."

ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರ ಅಮ್ಮನಾದರೂ ಬಂದಿದ್ದಾರೇನೋ ಎಂದು.

"ನನ್ನ ಹತ್ರ ಸಲಹೆ ಕೇಳೋಕೆ ಬರೋರಿಗೆಲ್ಲ ಇದೇ ನಿಯಮ ಕಣ್ರೀ. ಸಹಿ ಹಾಕೋರು ಪರೀಕ್ಷೆ ಬರೀಬೇಕು. ಹೆದರ್ಬೇಡಿ, ಬೇಸಿಕ್ ಪೇಪರೇ ಕೊಟ್ಟಿದೀನಿ. ಹೋದ ವರ್ಷ ಒಬ್ರು ವಕೀಲರು ಬಂದಿದ್ರು. ಪೇಪರ್ ನೋಡಿ, ಕಾರು ಸರಿಯಾಗಿ ನಿಲ್ಲಿಸ್ಬಿಟ್ಟು ಬರ್ತೀನಿ ಅಂತ ಹೋದ್ರು. ಇನ್ನೂ ನಿಲ್ಲಿಸ್ತಾನೇ ಇದಾರೆ."

ಎದ್ದು ಓಡಲು ನನಗೆ ಕಾರೂ ಇರಲಿಲ್ಲ. ಕೂತೆ. ಅಯ್ಯೋ, ಆ ಮೂರು ಗಂಟೆ! ಮೊದಲ ಅರ್ಧ ಗಂಟೆ ಹೆಸರು ಬರೆದು ಅಂಚು ಎಳೆದೆ. ಅಂಚು ಬಹಳ ಚೆನ್ನಾಗಿ ಬಂತು. ಆಮೇಲೆ ಸರಾಸರಿಯ ಲೆಕ್ಕವೊಂದು ಗುರುತಿನವರ ಹಾಗೆ ಕಂಡಿತು, ಮಾತಾಡಿಸಿದೆ. ವೃತ್ತದ ಪ್ರಮೇಯ ನನ್ನನ್ನು ನೋಡಿಯೂ ನೋಡದವರಂತೆ ಹೋಯಿತು. ಹಿತ್ತಲಿನಿಂದ ಮಗಳು ಸೀಬೆಹಣ್ಣು ಕಚ್ಚುವ ಕಟುಂ ಕಟುಂ ಸದ್ದು ಕೇಳುತ್ತಿತ್ತು. ಅವಳ ಮೇಲೆ ವಿಪರೀತ ಹೊಟ್ಟೆಕಿಚ್ಚಾಯಿತು.

ಒಂದು ಗಂಟೆಗೆ ಮಿಸ್ ಉತ್ತರಪತ್ರಿಕೆ ಕಿತ್ತುಕೊಂಡರು. ತಾವೇ ತಿದ್ದುತ್ತಾರೆಂದುಕೊಂಡಿದ್ದೆ. ಅವರು ಸಿಂಚನಳನ್ನು ಕರೆದು ಕೆಂಪು ಪೆನ್ನು ಕೈಗಿಟ್ಟು, "ತಿದ್ದು. ತಪ್ಪಿದ್ರೆ ಯಾಕೆ ತಪ್ಪು ಅಂತ ಅಮ್ಮಂಗೆ ಅರ್ಥ ಆಗೋ ಹಾಗೆ ಹೇಳು" ಎಂದು ತಾವು ಕಾದಂಬರಿ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತರು. ಅವಳು ತಿದ್ದಿ ಮುಗಿಸುವವರೆಗೆ ಅವರು ಒಂದು ಪುಟವನ್ನೂ ಮಗುಚಲಿಲ್ಲ.

ಮಗಳು ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಾಳೆಂದು ನಾನು ಕಾದೆ. ಹಾಗೇನೂ ಆಗಲಿಲ್ಲ. ಪಕ್ಕದಲ್ಲಿ ಕೂತು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲೀವರ್ಗೂ ಸರಿ ಇದೆಯಮ್ಮ, ಇಲ್ಲಿ ಕೂಡೋ ಬದ್ಲು ಕಳ್ದಿದೀಯ ಅಷ್ಟೇ" ಎಂದು ಬಿಡಿಸಿ ಹೇಳುತ್ತ ಹೋದಳು. ನನಗೆ ತಿಳಿಯದಿದ್ದರೆ ಬೇರೆ ದಾರಿಯಿಂದ ಹೇಳಿದಳು. ಆಗಲೂ ತಿಳಿಯದಿದ್ದರೆ ಇನ್ನೊಂದು ದಾರಿಯಿಂದ. ಮನೆಯಲ್ಲಿ ಟವೆಲ್ ಎಲ್ಲಿದೆ ಎಂದು ಹೇಳಲೂ ತಾಳ್ಮೆಯಿಲ್ಲದ ಹುಡುಗಿ! ನಾನು ಲೆಕ್ಕ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ.

ಕೊನೆಯ ಪುಟದಲ್ಲಿ ಒಂದು ಲೆಕ್ಕವನ್ನು ನಾನು ಕೋನದಿಂದ ಕೋನಕ್ಕೆ ಗೀಟೆಳೆದು ಹೊಡೆದುಹಾಕಿದ್ದೆ. ಒಂದು ತೋಟದ ಉದ್ದ ಅಗಲಕ್ಕಿಂತ ಏಳು ಮೀಟರ್ ಹೆಚ್ಚು, ವಿಸ್ತೀರ್ಣ ಅರವತ್ತು ಚದರ ಮೀಟರ್, ಹಾಗಾದರೆ ಅಗಲವೆಷ್ಟು ಎಂಬ ಲೆಕ್ಕ. ಸಿಂಚನ ಗೀಟಿನ ಕೆಳಗಿನ ಸಾಲುಗಳನ್ನು ಓದಿ, ಮತ್ತೆ ಓದಿ ತಲೆ ಎತ್ತಿದಳು.

"ಅಮ್ಮ, ಇದು ಸರಿಯಿದೆ. ಪೂರ್ತಿ ಸರಿಯಿದೆ. ಯಾಕೆ ಹೊಡೆದಾಕ್ದೆ?"

"ಎರಡು ಉತ್ತರ ಬಂತಲ್ಲೇ! ಒಂದು ಐದು, ಇನ್ನೊಂದು ಮೈನಸ್ ಹನ್ನೆರಡು. ಮೈನಸ್ ಹನ್ನೆರಡು ಮೀಟರ್ ಅಗಲದ ತೋಟ ಯಾವೂರಲ್ಲಿದೆ? ನಮ್ಮಪ್ಪ ಅಷ್ಟು ವರ್ಷ ಬೇಸಾಯ ಮಾಡಿದ್ರು, ಒಂದು ದಿನಾನೂ ನೋಡ್ಲಿಲ್ಲ. ಎಲ್ಲೋ ತಪ್ಪಾಗಿದೆ ಅಂತ ಎಲ್ಲಾನೂ ಹೊಡೆದಾಕ್ಬುಟ್ಟೆ."

"ಮೈನಸ್ ಬಂದಿದ್ದನ್ನ ಬಿಟ್ಟು ಐದನ್ನ ಇಟ್ಕೋಬೇಕಮ್ಮ. ಅಷ್ಟೇ ಇರೋದು." ಆಮೇಲೆ ಮೂಲೆಯತ್ತ ತಿರುಗಿ, "ಮಿಸ್, ಹೊಡೆದಾಕಿದ್ದಕ್ಕೆ ಮಾರ್ಕ್ಸ್ ಕೊಡ್ಬೋದಾ?" ಎಂದಳು.

"ಬೇರೆ ಉತ್ತರ ಬರೆದಿಲ್ವಲ್ಲ, ಕೊಡು."

ಅವಳು ನಾಲ್ಕು ಅಂಕ ಕೊಟ್ಟಳು. ಇಪ್ಪತ್ತೇಳು ಇದ್ದದ್ದು ಮೂವತ್ತೊಂದಾಯಿತು. ಮೂವತ್ತು ವರ್ಷ ನಾನು ಗಣಿತ ಬಾರದವಳು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಬಂದದ್ದನ್ನು ನಾನೇ ಹೆದರಿ ಹೊಡೆದುಹಾಕುತ್ತಿದ್ದೆ ಎಂದು ಹದಿನೈದು ವರ್ಷದ ಹುಡುಗಿ ಕೆಂಪು ಪೆನ್ನಿನಲ್ಲಿ ತೋರಿಸಿಕೊಟ್ಟಳು. ಅವಳ ಮೂವತ್ತನಾಲ್ಕನ್ನು ಕಂಡೊಡನೆ ಅವಳ ಗೋಪುರದ ಮೇಲೂ ಅದೇ ಗೀಟೆಳೆಯಲು ಹೊರಟಿದ್ದೆನಲ್ಲ, ನನ್ನ ಮೇಲೆ ನನಗೇ ನಾಚಿಕೆಯಾಯಿತು.

ಮಿಸ್ ಕಾದಂಬರಿ ಮುಚ್ಚಿದರು. "ಇವಳಿಗೆ ಗೊತ್ತಿದೆ. ಕೈ ನಿಧಾನ, ಅದಕ್ಕೇ ಪೇಪರ್ ಮುಗಿಸೋಕಾಗ್ತಿಲ್ಲ. ಸ್ಟ್ಯಾಂಡರ್ಡ್ ಕಷ್ಟವೇ, ಸುಳ್ಳು ಹೇಳೋಲ್ಲ. ದಿನಾ ಗಡಿಯಾರ ಇಟ್ಕೊಂಡು ಕೂರ್ಬೇಕು. ಕೂರ್ತೀಯಾ?" ಸಿಂಚನ ಹೂಂ ಎಂದಳು. ನಾನು ಚೀಲದಲ್ಲಿ ತಂದಿದ್ದ ಫಾರಂ ತೆಗೆದು, ಮಿಸ್ ಮನೆಯ ಮೇಜಿನ ಮೇಲೇ, ಸ್ಟ್ಯಾಂಡರ್ಡ್ ಎಂದಿರುವ ಕಡೆ ಅವಳಿಂದ ಗುರುತು ಹಾಕಿಸಿ, ಕೆಳಗೆ ಸಹಿ ಹಾಕಿದೆ.

ವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ಎಂಬತ್ತಕ್ಕೆ ಐವತ್ತೆಂಟು ಬಂತು. ಪತ್ರಿಕೆಯಲ್ಲಿ ಫೋಟೋ ಹಾಕಿಸುವಂಥದ್ದಲ್ಲ. ಆದರೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಎರಡೂ ಸಿಕ್ಕವು. ಒಂದು ಮೊಳ ಮಲ್ಲಿಗೆ, ಅರ್ಧ ಡಜನ್ ರಸಬಾಳೆ ಹಿಡಿದು ಮಿಸ್ ಮನೆಗೆ ಹೋದೆ. ತುಂಬ ದಿನದಿಂದ ಕೊರೆಯುತ್ತಿದ್ದ ಒಂದು ಮಾತು ಕೇಳಿಯೇಬಿಟ್ಟೆ: "ಅವತ್ತು ಅವಳಿಗೆ ತಿದ್ದೋಕೆ ಬರದೇ ಇದ್ದಿದ್ರೆ ಏನು ಹೇಳ್ತಿದ್ರಿ ಮಿಸ್?"

"ಬೇಸಿಕ್ಕೇ ತಗೋ ಅಂತಿದ್ದೆ. ಅದರಲ್ಲೇನು ಅವಮಾನ? ಎಷ್ಟೋ ಮಕ್ಕಳಿಗೆ ಹಾಗೇ ಹೇಳಿದೀನಿ, ಚೆನ್ನಾಗಿದಾರೆ. ಹೆದರ್ಕೊಂಡು ಹಾಕೋ ಸಹಿ ಬೇಡ, ನೋಡಿ ಹಾಕಿ ಅಂತ ಅಷ್ಟೇ ನನ್ನ ಹಟ." ಹೂ ಮುಡಿದುಕೊಂಡು, ಹೊಸ ಕಾದಂಬರಿ ಏನು ಬಂದಿದೆ ಎಂದು ಕೇಳಿದರು.

ಈಗ ಸಿಂಚನ ಮೊದಲ ಪಿಯುಸಿ. ಮೊನ್ನೆ ಅಡುಗೆಮನೆಗೆ ಬಂದು, ಗೋಪುರ ಬೇಡ ಅನ್ನಿಸ್ತಿದೆ, ಗಣಿತಾನೇ ಮುಂದಕ್ಕೆ ಓದ್ಲಾ ಎಂದಳು. ಗಣಿತವೊಂದನ್ನೇ ಓದಿ ಯಾರು ಉದ್ಧಾರವಾಗಿದ್ದಾರೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಒಲೆ ಸಣ್ಣಗೆ ಮಾಡಿ, "ಪುಸ್ತಕ ತಾ, ಏನಿದೆ ನೋಡೋಣ" ಎಂದೆ. ತಂದಳು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತೆವು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಸಾರು ಉಕ್ಕುವವರೆಗೂ ಕೂತಿದ್ದೆ, ಬೇಡ ಅನ್ನಲಿಲ್ಲ.